‘ರಾಜ್ಯ’ ಅಳಿಸಿದ ಹಲಗೆ

ಜೂನ್ ೧೧, ಗುರುವಾರ

ಕೇಂದ್ರ ಸರ್ಕಾರದಿಂದ ಉತ್ತರ ಬಂತು. ನಮ್ಮ ಪ್ರಾಂತ್ಯ ರಾಜ್ಯವಾಗಲಿ ಎಂದು ನೂರಕ್ಕೆ ಅರವತ್ತೆಂಟು ಜನ ಹಾಕಿದ ಮತ ಬರೀ ಅಭಿಪ್ರಾಯವಂತೆ, ತೀರ್ಮಾನವಲ್ಲವಂತೆ. ತೀರ್ಮಾನಿಸುವ ಸಂಸತ್ತಿನಲ್ಲಿ ನಮಗೊಂದು ಕುರ್ಚಿಯೂ ಇಲ್ಲ.

ಭಾವ ಬೋರ್ಡು ಬರೆಯುವವರು. ಮತ ಗೆದ್ದ ದಿನವೇ, ಮುಂದೆ ಬರುವ ನಮ್ಮ ಸರ್ಕಾರದ ಕಚೇರಿಗೆಂದು ‘ರಾಜ್ಯ ಸಚಿವಾಲಯ’ ಬರೆದಿಟ್ಟಿದ್ದರು. ಇವತ್ತು ಉಪ್ಪುಕಾಗದವನ್ನು ಚಳವಳಿ ನಡೆಸುವ ನನ್ನ ಕೈಗೇ ಇಟ್ಟರು.

“ಉಜ್ಜಿ, ನಾಯಕರೇ. ಮೂರು ಮತದಾನಕ್ಕೆ ಇದೇ ಹಲಗೆ ಮೂರು ಸಲ ಬರೆದು ಅಳಿಸಿದ್ದಾಯ್ತು. ಇನ್ನು ಕ್ಷೌರದಂಗಡಿಯವನಿಗೆ ಕೊಟ್ಟುಬಿಡ್ತೀನಿ.”

“ನಾವು ಸೋತಿಲ್ಲ ಭಾವ, ಗೆದ್ದಿದ್ದೀವಿ.”

“ಸರಿ, ಮೆಲ್ಲಗೆ ಉಜ್ಜು. ಹಲಗೆ ಕೆಡಬಾರದು.”

‘ಸಚಿವಾಲಯ’ ಬೇಗ ಹೋಯಿತು. ‘ರಾಜ್ಯ’ಕ್ಕೆ ಹೊತ್ತು ಹಿಡಿಯಿತು. ಅದೊಂದಕ್ಕೇ ಅವರು, ಯಾರಿಗೂ ಹೇಳದೆ, ಎರಡು ಸಲ ಬಣ್ಣ ಬಳಿದಿದ್ದರು. ಕೊನೆಗೆ ಅದನ್ನೂ ಅಳಿಸಿದೆ, ನನ್ನ ಕೈಯಾರೆ.

ನಾಳೆ ಹಂಚುವ ಕರಪತ್ರ ಬರೆಯಲು ಕೂತೆ. ‘ನಾವು’ ಎಂದು ಬರೆದೆ. ನಾವು ಯಾರು, ಏನು ಅಂತ ಮುಂದೆ ಬರೆಯಲಾಗದೆ ಪೆನ್ನು ಕೆಳಗಿಟ್ಟೆ.