ಬಿರುಕಿನ ಮೇಲಿನ ಗಾಜು

ನವೆಂಬರ್ 4

ಮತ್ತೆ ಪ್ರವಾಸಿಗರು. ಮತ್ತೆ ಅದೇ ಪುರಾಣ. ಮೊದಲು ಕೋಟೆ ಗೋಡೆ, ನೂರು ವರ್ಷ ಬಿಟ್ಟು ಗೋಪುರ. ಆಗ ಕೆಳಗೆ ಬಾಗಿಲೇ ಇರಲಿಲ್ಲ. ಕೋಟೆ ಗೋಡೆ ಮೇಲಿಂದ ಏಣಿ ಹಾಕಿ, ಮೇಲಿನ ಬಾಗಿಲಲ್ಲಿ ನುಗ್ಗೋದು. ಶತ್ರು ಬಂದರೆ ಏಣಿ ಒಳಗೆಳೆದುಕೊಳ್ಳೋದು. ಹೇಳಿ ಹೇಳಿ ಬಾಯಿ ನೋವು.

ಗೋಪುರ ಗೋಡೆಗೆ ಆತುಕೊಂಡಿದೆ ಅಷ್ಟೇ, ಕಲ್ಲಿಗೆ ಕಲ್ಲು ಕಚ್ಚಿಸಿಲ್ಲ. ಬಿರುಕು ಬಿಟ್ಟಿರೋದೂ ಅಲ್ಲೇ. ಅದಕ್ಕೆ ಅಡ್ಡವಾಗಿ ಎಂಜಿನಿಯರ್ ಗಾಜಿನ ಪಟ್ಟಿ ಅಂಟಿಸಿ ಹೋಗಿದ್ದಾರೆ. ಗೋಡೆ ಸರಿದರೆ ಗಾಜು ಒಡೆಯುತ್ತೆ. ಒಡೆದರೆ ಗೋಪುರಕ್ಕೆ ಬೀಗ. ಇವತ್ತು ಸರಿಯಾಗಿದೆ.

ನವೆಂಬರ್ 7

ಗಾಜು ಮಿರಮಿರ ಹೊಳೀತಿದೆ. ಹೊಸದು! ಸುತ್ತ ಗಾರೆ ಇನ್ನೂ ಹಸಿ. ನೆಲದಲ್ಲಿ ಹಳೇ ಗಾಜಿನ ಚೂರು.

ಊಟಕ್ಕೆ ಕೂತ ಒರೆಸ್ತೆಯ ಉಗುರಲ್ಲಿ ಬಿಳಿ ಗಾರೆ. ಕಟ್ಟಿಕೊಂಡ ಗಂಡನೇ!

“ಒಡೆದಿತ್ತಾ?”

“ಬಾವಲಿ ಬಡಿದಿರ್ಬೇಕು.”

“ಬಾವಲಿ ಅಂತೆ! ನನ್ನ ಕಿವಿ ಮೇಲೆ ಹೂ ಇಡ್ಬೇಡ.”

“ಮೆಲ್ಲಗೆ ಮಾತಾಡೇ. ಸಂತ ಮಾರ್ತಿನೋ ಹಬ್ಬಕ್ಕೆ ಗೋಪುರ ಹತ್ತಿ ಗಂಟೆ ಹೊಡೆಯೋದು ನಮ್ಮ ಮನೆತನ. ನಮ್ಮಪ್ಪ ಯುದ್ಧ ನಡೀವಾಗ್ಲೂ ಬಿಡ್ಲಿಲ್ಲ. ನಾನು ಬಿಟ್ರೆ ಕೆಳಕೇರಿಯವ್ರು ಮುಖಕ್ಕೆ ಉಗೀತಾರೆ.”

“ಗೋಪುರ ತಲೆ ಮೇಲೆ ಬಿದ್ರೆ?”

“ಏಳುನೂರು ವರ್ಷ ಬೀಳದ್ದು ನಾನು ಹತ್ತಿದ ತಕ್ಷಣ ಬೀಳುತ್ತಾ? ಸೂಪು ಬಡಿಸು.”

ಎಂಜಿನಿಯರ್‌ಗೆ ಹೇಳಿದರೆ ಇವನು ಜೈಲಿಗೆ. ಹೇಳದಿದ್ದರೆ ಗೋರಿಗೆ. ನಿದ್ದೆ ಹತ್ತುತ್ತಿಲ್ಲ.

ನವೆಂಬರ್ 10

ಹೊಸ ಗಾಜೂ ಸೀಳಿದೆ. ಗಂಟೆ ಅಲ್ಲಾಡದೇನೇ!

ಗೋಪುರದ ಕೆಳಗಿನ ಬಾಗಿಲಿಗೆ ಬೀಗ ಜಡಿದೆ. ಕೀಲಿ ನನ್ನ ಏಪ್ರನ್ ಜೇಬಲ್ಲಿ. ಒರೆಸ್ತೆ ಬೈದ, ಬೇಡಿದ, ಬಾಗಿಲಿಗೆ ಒದ್ದ. ಜಪ್ಪಯ್ಯ ಅಂದ್ರೂ ಕೊಡಲಿಲ್ಲ. ಹಬ್ಬ ಮುಗೀಲಿ, ಎಂಜಿನಿಯರ್‌ಗೆ ನಾನೇ ಹೇಳ್ತೀನಿ. ಜೈಲಾದರೆ ಆಗಲಿ, ಜೀವ ಉಳಿದರೆ ಸಾಕು.

ನವೆಂಬರ್ 11, ಬೆಳಿಗ್ಗೆ

ಒರೆಸ್ತೆ ನನ್ನ ಹಣೆಗೆ ಮುತ್ತಿಟ್ಟು ಹೊರಗೆ ಹೋದ. ಜಗಳವಿಲ್ಲ. ಕೀಲಿನೂ ಕೇಳಲಿಲ್ಲ. ಸೋತ, ಪಾಪ... ಚೆಸ್ಟ್‌ನಟ್ ಒಲೆ ಮೇಲಿದೆ. ಸಂಜೆ ಹೊಸ ವೈನ್ ಜೊತೆ ಕೊಟ್ಟು ಸಮಾಧಾನ ಮಾಡ್ಬೇಕು. ಮೆರವಣಿಗೆ ಹಾಡು ಹತ್ತಿರ ಬರ್ತಿದೆ.

ಪಕ್ಕದ ಮನೆ ಜಿಲ್ದಾ ಈಗ ಕಿಟಕಿಯಿಂದ ಕೂಗಿದಳು: “ಏ ಎಲ್ವೀರಾ, ನಿನ್ನ ಗಂಡಂಗೆ ತಲೆ ಕೆಟ್ಟಿದ್ಯಾ? ಹಬ್ಬದ ದಿನ ಆಲಿವ್ ಕೀಳೋ ಏಣಿ ಹೊತ್ಕೊಂಡು ಹೊರಟಿದ್ದಾನೆ!”

ಆಲಿವ್ ತೋಟಕ್ಕಾ, ಅಂದೆ. ಅಲ್ಲ, ಕೋಟೆ ಕಡೆಗೆ ಅಂದಳು.

ಕೋಟೆಯಲ್ಲಿ ಏಣಿ ಯಾಕೆ? ಬೀಗ ನಾನೇ ಹಾಕಿದ್ದೀನಿ. ಕೀಲಿ ಇಲ್ಲೇ ಇದೆ...

ಅಯ್ಯೋ ದೇವರೇ. ಮೇಲಿನ ಬಾಗಿಲು—