ಟಾರ್ಚ್ ಹಿಡಿಯುವ ಕೆಲಸ

ಮಾರ್ಚ್ 2, ಬೆಳಿಗ್ಗೆ

ಇವರನ್ನು ಎಬ್ಬಿಸಿ, ಮೈ ಒರೆಸಿ, ಬೆನ್ನಿಗೆ ಪೌಡರ್ ಹಾಕಿ ಗಾಲಿಕುರ್ಚಿಗೆ ಕೂರಿಸುವಷ್ಟರಲ್ಲಿ ಸೊಂಟ ಬಿದ್ದುಹೋಯಿತು. ಹಾಲಲ್ಲಿ ನೆನೆಸಿದ ಬ್ರೆಡ್ಡು ಅರ್ಧ ಬಾಯೊಳಗೆ, ಅರ್ಧ ಅಂಗಿಯ ಮೇಲೆ. ಅಂಗಿ ಬದಲಾಯಿಸಿದೆ. ಪೋರ್ಟಿಕೊ ಗುಡಿಸಲು ಹೋದರೆ ಕಾರಿನ ಕೆಳಗೆ ಅಂಗೈಯಗಲ ಕೆಂಪು ಕಲೆ. ಮುಟ್ಟಿ ಮೂಸಿದೆ. ಇಂಜಿನ್ ಆಯಿಲ್ ಆಗಿದ್ದರೆ ಕಪ್ಪಗಿರುತ್ತದೆ. ಇದು ಗೇರ್‌ಬಾಕ್ಸಿನ ಎಣ್ಣೆ. ಆಟೋಮ್ಯಾಟಿಕ್ ಗಾಡಿಗೆ ಈ ಎಣ್ಣೆ ಕಮ್ಮಿಯಾದರೆ ಗೇರ್ ಜಾರುತ್ತದೆ, ಪೂರ್ತಿ ಹೋದರೆ ಗಾಡಿ ಹೆಣ.

ಇದೆಲ್ಲ ನನಗೆ ಯಾರೂ ಕಲಿಸಿದ್ದಲ್ಲ. ಇವರು ವರ್ಕ್‌ಶಾಪಿನ ಶಿಷ್ಯರಿಗೆ ಹೇಳುತ್ತಿದ್ದುದು ಕಿವಿಗೆ ಬಿದ್ದದ್ದು. ನನ್ನದು ಟಾರ್ಚ್ ಹಿಡಿಯುವ ಕೆಲಸ. ಮದುವೆಯಾದಾಗಿನಿಂದ ಭಾನುವಾರವೆಂದರೆ ಇವರು ಕಾರಿನ ಕೆಳಗೆ, ನಾನು ಪಕ್ಕದಲ್ಲಿ ಕುಕ್ಕರುಗಾಲಲ್ಲಿ. "ಲೇ, ಮುಖಕ್ಕಲ್ಲ, ಕೆಲಸಕ್ಕೆ ಬಿಡು!" "ಒಂದು ಬೆಳಕು ಹಿಡಿಯೋ ಯೋಗ್ಯತೆ ಇಲ್ಲ ನಿಂಗೆ." ನೆಂಟರ ಮುಂದೆಯೂ ಇದೇ. ಅವರು ನಗುತ್ತಿದ್ದರು. ನಾನೂ ನಗುತ್ತಿದ್ದೆ.

ಸ್ಟ್ರೋಕ್ ಆದ ಮೇಲೆ ಬಲಗಡೆ ಸತ್ತಿದೆ, ಬಾಯಿ ಬಿದ್ದಿದೆ. ಎಡಗೈ ಇದೆ. ತಲೆ ಇದೆ. "ಅವರಿಗೆ ಎಲ್ಲಾ ಅರ್ಥ ಆಗುತ್ತೆ, ಹೇಳೋಕೆ ಆಗಲ್ಲ ಅಷ್ಟೆ" ಅಂದರು ಡಾಕ್ಟರು.

ನನಗೆ ಬೇಕಾಗಿದ್ದೂ ಅಷ್ಟೇ.

ಮಾರ್ಚ್ 2, ಸಂಜೆ

ಮಗಳ ಫೋನು. ಸ್ಪೀಕರ್‌ಗೆ ಹಾಕಿ ಇವರ ಪಕ್ಕದಲ್ಲೇ ಕೂತು ಮಾತಾಡಿದೆ. ಬೇಕೆಂದೇ.

"ಅಮ್ಮಾ, ಅಪ್ಪಂಗೆ ಅಂತ ನೋಡಿದ್ವಲ್ಲ, ಆ ಆರೈಕೆ ಮನೇಲಿ ರೂಮ್ ಖಾಲಿ ಆಗಿದೆಯಂತೆ. ಇಪ್ಪತ್ತನೇ ತಾರೀಖಿನವರೆಗೂ ಇಟ್ಕೋತಾರೆ. ಬರಲಿಲ್ಲ ಅಂದ್ರೆ ಬೇರೆಯವರಿಗೆ ಕೊಟ್ಬಿಡ್ತಾರೆ."

"ಬರ್ತೀವಿ ಅಂತ ಹೇಳಿಬಿಡು."

"ಟ್ಯಾಕ್ಸಿ ಹೇಳಲಾ?"

"ಬೇಡ. ಕಾರಿಗೆ ಸ್ವಲ್ಪ ರಿಪೇರಿ ಇದೆ. ಮಾಡ್ಕೊಂಡು ನಾನೇ ಓಡಿಸ್ಕೊಂಡು ಹೋಗ್ತೀನಿ."

"ನೀನಾ?" ಅಂದಳು ಆ ಕಡೆಯಿಂದ. ಈ ಕಡೆ ಇವರ ಎಡಗೈ ಕುರ್ಚಿಯ ಹಿಡಿಯನ್ನು ಬಿಗಿಯಾಗಿ ಹಿಡಿದಿತ್ತು. ನಾನು ಲೈಸೆನ್ಸ್ ತೆಗೆದುಕೊಂಡು ಎಷ್ಟೋ ವರ್ಷವಾಯಿತು. ಇವರು ಕೀಲಿ ಒಂದು ದಿನವೂ ಕೊಟ್ಟವರಲ್ಲ. ತಮಗೆ ಮೊಣಕಾಲು ನೋವೆಂದು ಈ ಆಟೋಮ್ಯಾಟಿಕ್ ಕೊಂಡಾಗಲೂ, "ಇದನ್ನ ಮಂಗ ಕೂಡ ಓಡಿಸುತ್ತೆ, ನಿನ್ನ ಕೈಲಿ ಆಗಲ್ಲ" ಅಂದಿದ್ದರು. ಸ್ಟಿಯರಿಂಗ್ ನನ್ನ ಕೈಯಲ್ಲಿರಬೇಕು, ಇವರು ಪಕ್ಕದ ಸೀಟಿನಲ್ಲಿ ಬೆಲ್ಟ್ ಹಾಕಿಸಿಕೊಂಡು ಕೂತಿರಬೇಕು. ಇಷ್ಟೇ ನನ್ನ ಆಸೆ.

ಮಾರ್ಚ್ 4

ಮೆಕ್ಯಾನಿಕ್ ಕರೆಯುವಂತಿಲ್ಲ. ಊರಿನ ಮೆಕ್ಯಾನಿಕ್‌ಗಳೆಲ್ಲ ಇವರ ಶಿಷ್ಯರೇ. "ಗುರುಗಳನ್ನ ಎಲ್ಲಿಗೆ ಕಳಿಸ್ತಿದ್ದೀರಾ ಅಕ್ಕಾ?" ಅಂತ ಕಣ್ಣಲ್ಲಿ ನೀರು ತಂದುಕೊಳ್ಳುತ್ತಾರೆ. ಆ ನಾಟಕ ನನಗೆ ಬೇಡ.

ಇಂಜಿನ್ ಬಿಸಿ ಮಾಡಿ, ಗೇರ್ ಪಾರ್ಕಿಂಗಿನಲ್ಲಿಟ್ಟು, ಇಂಜಿನ್ ಓಡುತ್ತಿರುವಾಗಲೇ ಎಣ್ಣೆ ಅಳೆಯುವ ಕಡ್ಡಿ ಎಳೆದು ನೋಡಿದೆ. ಎಣ್ಣೆ ಕೆಳಗಿನ ಗೆರೆಗೂ ಮುಟ್ಟಿಲ್ಲ. ಇಂಜಿನ್ ನಿಲ್ಲಿಸಿ, ಹಿಂದಿನ ಚಕ್ರಕ್ಕೆ ಇಟ್ಟಿಗೆ ಕೊಟ್ಟು, ಜಾಕ್ ಏರಿಸಿ, ಸ್ಟ್ಯಾಂಡ್ ಇಟ್ಟು, ಇವರ ಹಳೇ ಹಲಗೆಯ ಮೇಲೆ ಮಲಗಿ ಒಳಗೆ ಜಾರಿದೆ. ಅದಕ್ಕೂ ಮುಂಚೆ ಕುರ್ಚಿಯನ್ನು ಕಾರಿನ ಪಕ್ಕಕ್ಕೆ ತಳ್ಳಿಕೊಂಡು ಬಂದು ಇವರ ಎಡಗೈಗೆ ಟಾರ್ಚ್ ಕೊಟ್ಟೆ.

"ಹಿಡ್ಕೊಳ್ಳಿ."

ನೋಡಿದರು. ಹಿಡಿದರು. ಕೈ ನಡುಗಿ ಬೆಳಕು ನನ್ನ ಕಣ್ಣಿಗೆ ಬಿತ್ತು.

"ರೀ, ಮುಖಕ್ಕಲ್ಲ, ಕೆಲಸಕ್ಕೆ ಬಿಡಿ!"

ಆಹಾ. ಇಂಥ ಸುಖಕ್ಕೋಸ್ಕರವೇ ಜನ ಗಂಡಸರಾಗಿ ಹುಟ್ಟುತ್ತಾರೋ ಏನೋ.

ಒಂದು ಮಾತು ಒಪ್ಪಬೇಕು. ಕೈ ನಿಂತ ಮೇಲೆ ಬೆಳಕು ನೇರವಾಗಿ ಗೇರ್‌ಬಾಕ್ಸಿನ ಅಡಿಯ ತಟ್ಟೆಯ ಅಂಚಿಗೆ ಹೋಯಿತು. ಸುತ್ತ ಒದ್ದೆ. ಬಾಯಿ ಹೋದರೂ ಕಣ್ಣು ಹೋಗಿಲ್ಲ. ತಟ್ಟೆಯ ಗ್ಯಾಸ್ಕೆಟ್ ಬದಲಾಯಿಸಬೇಕು.

ಮಾರ್ಚ್ 7

ಸ್ಪೇರ್ ಪಾರ್ಟ್ಸ್ ಅಂಗಡಿಯವನು ಗ್ಯಾಸ್ಕೆಟ್ ಕೊಡುತ್ತಾ, "ಗುರುಗಳು ಹೇಗಿದಾರೆ ಅಕ್ಕಾ?" ಅಂದ.

"ಟಾರ್ಚ್ ಹಿಡೀತಾರೆ" ಅಂದೆ. ತಮಾಷೆ ಅಂದುಕೊಂಡ.

ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಅದೇ. ಎಣ್ಣೆ ಬಸಿದು, ಬೋಲ್ಟ್ ಬಿಚ್ಚಿ, ತಟ್ಟೆ ಇಳಿಸಿ, ಹಳೆಯ ಗ್ಯಾಸ್ಕೆಟ್ ಕೆರೆದು ತೆಗೆದೆ. ಮೊಣಕೈವರೆಗೂ ಕೆಂಪು. ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿದೆ, ಇವರು ಮಾಡುತ್ತಿದ್ದ ಹಾಗೆಯೇ. ನಡುವೆ ಇವರ ತೋಳು ಸೋತು ಬೆಳಕು ಇಳಿಯಿತು.

"ಒಂದು ಬೆಳಕು ಹಿಡಿಯೋ ಯೋಗ್ಯತೆ ಇಲ್ವಲ್ರೀ ನಿಮಗೆ."

ತೋಳು ಮತ್ತೆ ಮೇಲಕ್ಕೆ ಬಂತು. ಕಣ್ಣಲ್ಲಿ ನೀರು. ಸ್ಟ್ರೋಕ್ ಆದವರಿಗೆ ಸುಮ್ಮಸುಮ್ಮನೆ ಬರುತ್ತದಂತೆ. ಒರೆಸಲಿಲ್ಲ. ನನ್ನ ಕೈಯೆಲ್ಲ ಎಣ್ಣೆ.

ಹೊಸ ಎಣ್ಣೆ ತುಂಬಿ, ಬೀದಿ ತುದಿಯವರೆಗೆ ಓಡಿಸಿ ಬಂದು, ಕೆಳಗೆ ರಟ್ಟು ಹಾಸಿದೆ.

ಮಾರ್ಚ್ 8

ರಟ್ಟಿನ ಮೇಲೆ ಕೆಂಪು. ಬಾಯಿಗೆ ಬಂದಿದ್ದೆಲ್ಲ ಬೈದೆ. ಕಾರಿಗೂ, ಇವರಿಗೂ.

ಮಾರ್ಚ್ 11

ಒಂಬತ್ತನೇ ತಾರೀಖು ಬೆಳಕು ಎಣ್ಣೆ ಬಸಿಯುವ ತಿರುಪಿಗೆ ಹೋಗಿ ನಿಂತಿತು. ಅಲ್ಲೂ ಒದ್ದೆಯೇ. ಅದರ ವಾಷರ್ ಬದಲಾಯಿಸಲು ತಟ್ಟೆಯ ಎಣ್ಣೆಯನ್ನು ಮತ್ತೆ ಬಸಿದೆ, ಮತ್ತೆ ತುಂಬಿದೆ. ಇವತ್ತು ರಟ್ಟಿನ ಮೇಲೆ ಮತ್ತೆ ಕೆಂಪು. ಬೆನ್ನು ಎರಡು ತುಂಡಾಗಿದೆ. ಮಗಳು ಫೋನ್ ಮಾಡಿ "ಆಯ್ತಾ ಅಮ್ಮಾ?" ಅಂದಳು. ಆಗುತ್ತೆ ಅಂದೆ.

ಮಾರ್ಚ್ 12

ಇವತ್ತು ಬೆಳಕು ಚಕ್ರದ ಕಡೆಗೆ ಹೋಯಿತು. ಗೇರ್‌ಬಾಕ್ಸಿನಿಂದ ಚಕ್ರಕ್ಕೆ ಹೋಗುವ ಶಾಫ್ಟಿನ ಬುಡಕ್ಕೆ. ಅಲ್ಲಿ ಎಣ್ಣೆ ತಡೆಯುವ ಸೀಲ್ ಹೋಗಿದೆ ಅಂತ ಲೆಕ್ಕ. ಎರಡು ಸಲ ಅಲ್ಲೇ ಅಲುಗಿಸಿ ತೋರಿಸಿದರು.

ಅಂಗಡಿಯವನು ತಲೆ ಕೆರೆದುಕೊಂಡ. "ಅದಕ್ಕೆ ಶಾಫ್ಟೇ ಬಿಚ್ಚಬೇಕು ಅಕ್ಕಾ. ನಿಮ್ಮ ಕೈಲಿ ಆಗೋ ಕೆಲಸ ಅಲ್ಲ. ಸೀಲ್ ತರಿಸ್ಬೇಕು, ತಿಂಗಳ ಕೊನೆ ಆಗುತ್ತೆ."

ತಿಂಗಳ ಕೊನೆ. ರೂಮ್ ಇಪ್ಪತ್ತರವರೆಗೆ.

ಮಾರ್ಚ್ 13, ಬೆಳಿಗ್ಗೆ

ಬ್ರೆಡ್ಡು ತಿನ್ನಿಸುವಾಗ ಹೊಳೆಯಿತು. ಚಮಚ ಅರ್ಧದಲ್ಲೇ ನಿಂತಿತು, ಇವರು ಬಾಯಿ ತೆರೆದುಕೊಂಡು ಕಾದರು.

ನನ್ನ ಕೈಗೆ ಒಂದು ಸ್ಕ್ರೂಡ್ರೈವರ್ ಕೊಡದ ಮನುಷ್ಯ. ಶಾಫ್ಟ್ ಬಿಚ್ಚುವಂಥ ಕೆಲಸವನ್ನು ನನಗೆ ಯಾಕೆ ತೋರಿಸುತ್ತಾರೆ? ವರ್ಕ್‌ಶಾಪಿನಲ್ಲಿ ನಿಂತ ನಿಲುವಲ್ಲೇ ಸೋರಿಕೆ ಹೇಳುತ್ತಿದ್ದವರು ಮೂರು ಸಲ ತಪ್ಪುತ್ತಾರೆಯೇ?

ಮಾರ್ಚ್ 13, ಮಧ್ಯಾಹ್ನ

ಮತ್ತೆ ಕೆಳಗೆ ಮಲಗಿದೆ. ಈ ಸಲ ಬೆಳಕು ಬಿದ್ದ ಜಾಗ ನೋಡಲಿಲ್ಲ. ಬೀಳದ ಜಾಗ ನೋಡುತ್ತಾ ಹೋದೆ. ತಟ್ಟೆ, ತಿರುಪು, ಶಾಫ್ಟು, ಎಲ್ಲ ಕಡೆ ಸುತ್ತುತ್ತದೆ. ಮೇಲೆ ರೇಡಿಯೇಟರ್ ಕಡೆಗೆ ಒಂದು ಸಲವೂ ಹೋಗಿಲ್ಲ.

"ಸ್ವಲ್ಪ ಮೇಲಕ್ಕೆ ಬಿಡಿ. ಮುಂದಕ್ಕೆ."

ಬೆಳಕು ಹಿಂದಕ್ಕೆ ಹೋಯಿತು.

"ರೀ. ಮುಂದಕ್ಕೆ. ಆ ರಬ್ಬರ್ ಪೈಪಿಗೆ."

ಟಾರ್ಚ್ ಆರಿತು. ಸೆಲ್ ಹೋಗಿರಲಿಲ್ಲ. ಹೆಬ್ಬೆಟ್ಟಿನಲ್ಲಿ ಗುಂಡಿ ಒತ್ತಿದ ಸದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು.

ಮಾರ್ಚ್ 14

ಖಚಿತ ಮಾಡಿಕೊಂಡೆ. ಸೀಮೆಎಣ್ಣೆ ಬಟ್ಟೆಯಲ್ಲಿ ಎಲ್ಲ ಒರೆಸಿ ಒಣಗಿಸಿ, ಇವರ ಬೆನ್ನಿಗೆ ಹಾಕುವ ಪೌಡರನ್ನು ಗೇರ್‌ಬಾಕ್ಸಿನ ತುಂಬ ಉದುರಿಸಿದೆ. ಮದುಮಗಳ ಹಾಗೆ ಬೆಳ್ಳಗಾಯಿತು. ಇಂಜಿನ್ ಸ್ವಲ್ಪ ಹೊತ್ತು ಓಡಿಸಿ, ನಿಲ್ಲಿಸಿ, ಟಾರ್ಚನ್ನು ನಾನೇ ಹಿಡಿದು ನೋಡಿದೆ. ಪೌಡರ್ ಮೇಲೆ ಒಂದೇ ಒಂದು ಕೆಂಪು ಗೆರೆ. ಎಣ್ಣೆ ತಣಿಸಲು ರೇಡಿಯೇಟರಿಗೆ ಹೋಗುವ ರಬ್ಬರ್ ಪೈಪಿನ ಕ್ಲಿಪ್ಪಿನಿಂದ ಹೊರಟು, ಇಳಿದು ಇಳಿದು ತಟ್ಟೆಯ ಅಂಚಿಗೆ. ಪೈಪು ಸೆಟೆದು ಬಿರುಕು ಬಿಟ್ಟಿದೆ. ಇಷ್ಟು ಸಣ್ಣ ಕೆಲಸ.

ಹೊರಗೆ ಬಂದು ಇವರ ಎದುರು ನೆಲದಲ್ಲೇ ಕೂತೆ.

"ಗೊತ್ತಿತ್ತು ಅಲ್ವಾ ನಿಮಗೆ?"

ನೋಟ ತಪ್ಪಿಸಿದರು.

"ಹೋಗೋಕೆ ಇಷ್ಟ ಇಲ್ವಾ?"

ಇಲ್ಲ ಎಂದು ತಲೆ ಆಡಿಸಿದರು. ಸ್ಪಷ್ಟವಾಗಿ. ಮಗುವಿನ ಹಾಗೆ, ಮತ್ತೆ ಮತ್ತೆ.

"ಹೇಳಬಹುದಿತ್ತಲ್ಲ ಮತ್ತೆ, ಬಾಯಿ ಬಿಟ್ಟು" ಅಂದೆ.

ಆಡಿದ ಮಾತು ವಾಪಸ್ ತೆಗೆದುಕೊಳ್ಳಲಿಲ್ಲ. ಇವರು ಯಾವತ್ತು ತೆಗೆದುಕೊಂಡಿದ್ದರು?

ಮೋಸ ಮಾಡಿದರೆಂದು ಕೋಪ ಬರಬೇಕಿತ್ತು. ಬರಲಿಲ್ಲ. ಇಷ್ಟು ವರ್ಷದಲ್ಲಿ ಈ ಮನುಷ್ಯ ನನ್ನನ್ನು ಬೇಡಿಕೊಂಡದ್ದು ಇದೊಂದೇ ಸಲ. ಅದೂ ನನ್ನನ್ನು ದಡ್ಡಿ ಎಂದು ನಂಬಿಕೊಂಡು.

ಮಾರ್ಚ್ 17

ಹೊಸ ಪೈಪು, ಎರಡು ಹೊಸ ಕ್ಲಿಪ್ಪು. ಚಹಾ ಮಾಡಿ ಕುಡಿಯುವಷ್ಟು ಹೊತ್ತಿನ ಕೆಲಸ. ಎಣ್ಣೆ ನೋಡಿ ತುಂಬಿದೆ. ಕಡ್ಡಿಯಲ್ಲಿ ಮೇಲಿನ ಗೆರೆಗೆ ಸರಿಯಾಗಿ.

ಇವರನ್ನು ಹೊರಗೆ ಕರೆತರದಿದ್ದರೂ ನಡೆಯುತ್ತಿತ್ತು. ಕರೆತಂದೆ. ಟಾರ್ಚ್ ಕೊಟ್ಟೆ. ಈ ಸಲ ಬೆಳಕು ಮೊದಲಿನಿಂದಲೇ ಪೈಪಿನ ಮೇಲೆ ನಿಂತಿತ್ತು. ಒಂದಿಷ್ಟೂ ಅಲುಗಲಿಲ್ಲ. ಕೊನೆಯ ಕ್ಲಿಪ್ ಬಿಗಿ ಮಾಡುವವರೆಗೂ ಹಾಗೇ ಹಿಡಿದಿದ್ದರು.

ಮಾರ್ಚ್ 18

ರಟ್ಟು ಚೊಕ್ಕಟ. ಎತ್ತಿಕೊಂಡು ಹೋಗಿ ಇವರ ಮುಖದ ಮುಂದೆ ಹಿಡಿದೆ. "ನೋಡಿ. ನನ್ನ ಕೈಲಿ ಆಗಲ್ಲ ಅಂತಿದ್ರಲ್ಲ."

ಬಹಳ ಹೊತ್ತು ನೋಡಿದರು. ಆಮೇಲೆ ರಟ್ಟಿನ ಮೇಲಿಂದ ನನ್ನನ್ನು. ಬ್ಯಾಗಿಗೆ ಅಂಗಿ, ಟವೆಲ್, ಪೌಡರ್ ತುಂಬಿದೆ. ಟಾರ್ಚ್ ಎಲ್ಲಿ ಎಂದು ಹುಡುಕಿದರೆ ಇವರ ತೊಡೆಯ ಮೇಲಿತ್ತು. ಕಿತ್ತುಕೊಳ್ಳಲು ಹೋದೆ, ಬಿಡಲಿಲ್ಲ. ಎಡಗೈಯಲ್ಲಿ ಇನ್ನೂ ಅಷ್ಟು ಬಲವಿದೆ. ಇರಲಿ ಬಿಡು ಅಂತ ಬಿಟ್ಟೆ.

ಮಾರ್ಚ್ 19, ಸಂಜೆ

ಬಂದೆ. ಇವರನ್ನು ಅಲ್ಲಿ ಬಿಟ್ಟು. ಗಾಡಿ ಬೆಣ್ಣೆಯ ಹಾಗೆ ಓಡಿತು. ಹೋಗುವಾಗ ದಾರಿಯುದ್ದಕ್ಕೂ ಇವರು ಕಿಟಕಿಯ ಕಡೆ ತಿರುಗಲೇ ಇಲ್ಲ, ನನ್ನ ಕೈಗಳನ್ನೇ ನೋಡುತ್ತಿದ್ದರು. ಹೊಗಳಿಕೆಯೋ, ಶಾಪವೋ, ತಿಳಿಯಲಿಲ್ಲ. ಕೇಳುವ ಹಾಗೂ ಇಲ್ಲ.

ಉದ್ದನೆಯ ಕಾರಿಡಾರು, ಕೊನೆಯ ರೂಮು. ಹಾಸಿಗೆ, ಕುರ್ಚಿ, ಎದುರಿನ ಗೋಡೆ ಮಾತ್ರ ಕಾಣುವ ಕಿಟಕಿ. ನರ್ಸ್ ಒಳ್ಳೆಯವಳು. ಮಲಗಿಸಿ ಹೊದಿಸಿ, ಬ್ಯಾಗ್ ಇಟ್ಟು ಬಾಗಿಲಿಗೆ ಬಂದೆ. ಹಿಂದಿನಿಂದ ಗುಂಡಿ ಒತ್ತಿದ ಸದ್ದು. ತಿರುಗಿದೆ. ಬೆಳಕು ಕಣ್ಣಿಗೆ ಬಿತ್ತು. ಕೈ ನಡುಗಿ ಬಿದ್ದದ್ದಲ್ಲ. ಬೇಕೆಂದೇ, ನೇರ ನನ್ನ ಮುಖಕ್ಕೆ ಹಿಡಿದಿದ್ದರು. ಇಳಿಸಲಿಲ್ಲ.

"ಮುಖಕ್ಕಲ್ಲ, ಕೆಲಸಕ್ಕೆ ಬಿಡಿ" ಅಂದೆ. ನರ್ಸ್ ಕಿಸಕ್ಕನೆ ನಕ್ಕಳು. ನಾನೂ ನಕ್ಕೆ. ಬಾಗಿಲು ಎಳೆದುಕೊಂಡು ಬಂದೆ.

ಮನೆ ಸೇರಿದ ಮೇಲೆ, ಅಷ್ಟು ದೂರ ಹೋಗಿ ಬಂದ ಗಾಡಿ, ಕೆಳಗೆ ನೋಡದೆ ಬಿಡುವಂತಿಲ್ಲ. ಹಲಗೆ ಹಾಸಿ ಮಲಗಿದೆ. ಕತ್ತಲೆ. ಪಕ್ಕಕ್ಕೆ ತಿರುಗಿ, "ರೀ, ಸ್ವಲ್ಪ ಮೇಲಕ್ಕೆ ಬಿಡಿ" ಅಂದುಬಿಟ್ಟೆ. ಬಾಯಿ ಜಾರಿ. ಅಲ್ಲೇ ಎಷ್ಟು ಹೊತ್ತು ಮಲಗಿದ್ದೆನೋ ಗೊತ್ತಿಲ್ಲ.

ಟಾರ್ಚ್ ಅವರ ಹತ್ತಿರವೇ ಉಳಿಯಿತು. ನಾಳೆ ಅಂಗಡಿಗೆ ಹೋಗಿ ಹೊಸದು ತರಬೇಕು. ತಂದರೂ, ಹಿಡಿಯುವುದಕ್ಕೆ ಯಾರು?