ಬಾಳಾಸಾಬನ ಶಾಲು ಹೊದೆಯಬೇಡ

ಚಿಕ್ಕೋಡಿಯ ಕಾಲೇಜಿನಲ್ಲಿ ಓದುತ್ತಿರುವ ನನ್ನ ಮೊಮ್ಮಗಳು ಮನೀಷಾಗೆ, ಊರಲ್ಲಿ ಕುದಿಯುತ್ತ ಕೂತಿರುವ ಆಯಿಯ ಆಶೀರ್ವಾದ.

ಫೋನಿನಲ್ಲಿ ಹೇಳೋಣವೆಂದರೆ ಬಾಯಿಗೆ ಬೈಗುಳವೇ ಬರುತ್ತದೆ, ನಿನ್ನ ಕಾಕಾ ಫೋನು ಕಸಿದುಕೊಳ್ಳುತ್ತಾನೆ. ಅದಕ್ಕೇ ಬರೆಯುತ್ತಿದ್ದೇನೆ.

ನೂಲಿಗೆ ಬಣ್ಣ ಹಾಕುವ ಬಾಳಾಸಾಬನ ಕಾರ್ಖಾನೆಯ ಹೊಲಸು ನೀರು ಹಳ್ಳ ಸೇರುವ ಮುಂಚೆ ನಿಲ್ಲುವ ಹೊಂಡದಲ್ಲಿ ನೀನು ಬಿಳಿ ಲೇಪ ಹಚ್ಚಿದ ಗಾಜಿನ ಪಟ್ಟಿಗಳನ್ನು ಇಟ್ಟು ಹೋದೆಯಲ್ಲ. "ಆಯೀ, ಬಿಸಲು ಬಿದ್ದರ ಈ ಲೇಪ ಬಣ್ಣಾನ ತಿಂದ ಹಾಕತೈತಿ" ಅಂದಿದ್ದೆ. ನಿನ್ನ ಕಾಕಾ ರಾವಸಾಹೇಬ ಏನು ಮಾಡಿದ ಗೊತ್ತೇ? ನೀನು ಬಸ್ಸು ಹತ್ತಿದ್ದೇ ತಡ, ಒಣದ್ರಾಕ್ಷಿ ಶೆಡ್ಡಿನ ಹಸಿರು ಪರದೆ ತಂದು ಹೊಂಡದ ಮೇಲೆ ಬಿಗಿದ. "ಯವ್ವಾ, ತುಟ್ಟಿ ಸಾಮಾನ. ಬಿಸಲಾಗ ಇಟ್ಟರ ಕರ್ರಗ ಆಗತಾವು" ಎಂದ. ಜೀವಮಾನವೆಲ್ಲ ದ್ರಾಕ್ಷಿಯನ್ನು ನೆರಳಲ್ಲಿ ಒಣಗಿಸಿದವನ ತಲೆಗೆ ಬೇರೇನು ಹೊಳೆದೀತು! ನೀರು ಕುಂಕುಮ ಕದಡಿದಂತೆ ಹಾಗೇ ನಿಂತಿತು. ಬಾಳಾಸಾಬ ದಂಡೆಗೆ ಬಂದು ಹಲ್ಲು ಕಿರಿದ: "ಏನ್ ಆಯೀ, ನಿಮ್ಮ ಮೊಮ್ಮಗಳ ಗಾಜು ಉಪಾಸ ಹಿಡದಾವೇನ್ರಿ?"

ಕುಡುಗೋಲು ತಂದು ಪರದೆ ಹರಿದೆ. ರಾವಸಾಹೇಬ ಕೂಗಾಡಿದ. "ಸುಮ್ನ ಕುಂದರೋ, ಇವೇನ ನಿನ್ನ ದ್ರಾಕ್ಷಿ ಅಲ್ಲ" ಎಂದೆ. ಬಿಸಿಲು ಬಿತ್ತು. ದಿನ ಕಳೆದಂತೆ ಕೆಂಪು ಇಳಿದು ತಳದ ಕಲ್ಲು ಕಾಣತೊಡಗಿತು. ಸುಳ್ಳೇಕೆ, ನನಗೆ ಅಳು ಬಂತು.

ಮುಂದಿನದು ಕೇಳಿದರೆ ನಿನಗೂ ವಾಕರಿಕೆ ಬರುತ್ತದೆ. ನೀರು ತಿಳಿಯಾದದ್ದು ನೋಡಿ ಬಾಳಾಸಾಬ ಇನ್ನೊಂದು ದಪ್ಪ ಪೈಪು ತಂದು ಹೊಂಡಕ್ಕೆ ಬಿಟ್ಟ. ಮೊದಲು ಟ್ಯಾಂಕರಿನಲ್ಲಿ ಬೇರೆ ಕಡೆ ಸಾಗಿಸುತ್ತಿದ್ದ ಕರಿ ನೀರೂ ಈಗ ಇಲ್ಲೇ. ಕೇಳಿದರೆ, "ಹೆಂಗೂ ನಿಮ್ಮ ಹುಡಗಿ ತೊಳಿತಾಳಲ್ರಿ, ನಿಮಗ್ಯಾಕ ಉರಿ?" ಅಂತಾನೆ. ಅಂಥ ಕರಿ ನೀರಿನೊಳಗೆ ಬಿಸಿಲೇ ಇಳಿಯದು, ಗಾಜು ಏನು ಮಾಡೀತು? ಹೊಂಡ ತುಂಬಿ ಹಳ್ಳಕ್ಕೆ ಹರಿಯುತ್ತಿದೆ. ನಮ್ಮ ಎಮ್ಮೆ ಮೂಸಿ ಹಿಂದೆ ಸರಿಯುತ್ತದೆ. ಎಮ್ಮೆಗಿರುವ ಮಾನ ಅವನಿಗಿಲ್ಲ.

ಹೊಂಡದ ನೀರು ತಿಳಿ ಮಾಡಿದ್ದಕ್ಕೆ ಸೋಮವಾರ ಪಂಚಾಯ್ತಿಯಲ್ಲಿ ನಿನಗೆ ಶಾಲು ಹೊದಿಸುತ್ತಾರಂತೆ, ಅದೂ ಆ ಬಾಳಾಸಾಬನ ಕೈಯಿಂದ! ಆ ಫೋಟೋ ಅವನ ಗೇಟಿಗೆ ಬೀಳುತ್ತದೆ, ನೋಡುತ್ತಿರು, ಕೆಳಗೆ "ನಮ್ಮ ನೀರು ಶುದ್ಧ" ಅಂತ. ನಿನ್ನ ಕಾಕಾ ಆ ದಿನಕ್ಕೆಂದು ತಲೆಗೆ ಸುತ್ತಲು ಹೊಸ ಪಟಕಾ ಬೇರೆ ತಂದಿದ್ದಾನೆ. ಥೂ!

ಬಾ, ನನ್ನವ್ವಾ. ಪೈಪು ಮುಚ್ಚುವವರೆಗೆ ಶಾಲು ಮುಟ್ಟುವುದಿಲ್ಲವೆಂದು ಎಲ್ಲರೆದುರು ಹೇಳು. ಅವನು ನಕ್ಕರೆ ಹೊಂಡಕ್ಕಿಳಿದು ಗಾಜು ಕಿತ್ತುಕೋ. ವರ್ಷಗಟ್ಟಲೆ ಕೂತು ಮಾಡಿದ್ದು, ಸಂಕಟವಾಗುತ್ತದೆ, ಬಲ್ಲೆ. ಆದರೂ ಕಿತ್ತುಕೋ. ನಿನ್ನ ಗಾಜಿನ ನೆಪ ಅವನಿಗೆ ಸಿಗದಿರಲಿ, ಅವನ ಹೊಲಸು ಊರಿಗೆ ಹೊಲಸಾಗಿಯೇ ಕಾಣಲಿ. ಬುಟ್ಟಿ ಹಿಡಿದು ದಂಡೆಯಲ್ಲಿ ನಾನು ನಿಂತಿರುತ್ತೇನೆ.

ನಿನ್ನ ಹೊಟ್ಟೆ ತಣ್ಣಗಿರಲಿ, ನಾಲಿಗೆ ನನ್ನದರಂತಿರಲಿ.

ನಿನ್ನ ಆಯಿ
ಅಕ್ಕವ್ವ